ಲೈಬ್ರರಿಯ ರಬ್ಬರು

ನಮ್ಮೂರು ವಿಲ್ಕಿನ್ ಫಾಲ್ಸ್.
ಜಲಪಾತ ಇರುವುದು ಹೆಸರಲ್ಲಿ ಮಾತ್ರ.
ಊರಲ್ಲಿರುವುದು ಜೋಳದ ಗೋದಾಮು, ನಾಲ್ಕು ಚರ್ಚು,
ರೈಲು ನಿಲ್ಲದ ಒಂದು ಸ್ಟೇಷನ್ನು,
ಇಪ್ಪತ್ತಾರು ವರ್ಷದಿಂದ ನಾನು ಮುದ್ರೆ ಒತ್ತುವ ಲೈಬ್ರರಿ.
ನೆಬ್ರಾಸ್ಕದ ನಕಾಶೆಯಲ್ಲಿ ಹುಡುಕಬೇಡಿ,
ಅಲ್ಲಿ ಮಡಿಕೆ ಬಿದ್ದಿದೆ.

ಲ್ಯಾಟಿನ್ ಟೀಚರು ಇಮೊಜೆನ್ ಸ್ಟ್ರಾಡ್
ಆರು ವರ್ಷ ನಮ್ಮ ಮಕ್ಕಳ ಕಾಗುಣಿತ ತಿದ್ದಿ
ಒಂದು ಭಾನುವಾರ, ಎಲ್ಲರೂ ಪ್ರಾರ್ಥನೆಯಲ್ಲಿದ್ದಾಗ,
ಸೂಟ್‌ಕೇಸು ಹಿಡಿದು ಶಿಕಾಗೋಗೆ ಹೋದಳು.
ಮೂರನೇ ವರ್ಷಕ್ಕೆ ಅಂಚೆಯಲ್ಲಿ ಬಂತು ಕಾದಂಬರಿ:
ಹಳದಿ ರಟ್ಟು, ಮುನ್ನೂರ ನಲವತ್ತು ಪುಟ.
ಊರಿನ ಹೆಸರು ಬೇರೆ.
ಗೋದಾಮು ಅದೇ.

ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ ಜನ.
ಇಲ್ಲಿ ಯಾರೂ ಮುಟ್ಟಿಕೊಳ್ಳಲಿಲ್ಲ;
ಪಕ್ಕದವರ ಹೆಗಲ ಮೇಲಿನ ಬೂದಿ
ಎಷ್ಟು ಚೆನ್ನಾಗಿ ಕಂಡಿತೆಂದರೆ
ಪೆನ್ಸಿಲ್ಲು ಹುಡುಕಿ ಗೆರೆ ಎಳೆದರು.

ನಗುವಾಗಲೂ ಬಡ್ಡಿ ಎಣಿಸುವವನ ಪಕ್ಕ
ಹಲ್ಲಿನ ಡಾಕ್ಟರು ಹೆಕ್ ಬರೆದ: ಬ್ಯಾಂಕಿನ ಲೂಥರ್, ಸಂಶಯವಿಲ್ಲ!
ಎದುರಿನವನ ಬಾಯಿ ತೆರೆಸಿಟ್ಟು
ತನ್ನ ಅಭಿಪ್ರಾಯ ಹೇಳುವವನ ಪಕ್ಕ
ಲೂಥರ್ ಬರೆದ: ಹೆಕ್, ಇನ್ಯಾರು?
ಪಾದ್ರಿಯ ಹೆಂಡತಿ ಆಲ್ತಿಯಾ ಪಾಮರಾಯ್
ಒಂದು ಗೆರೆಯನ್ನೂ ಎಳೆಯಲಿಲ್ಲ.
ಪುಸ್ತಕವನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು ಓದುವವಳೊಬ್ಬಳು
ತೊಂಬತ್ತನೇ ಪುಟದಲ್ಲಿ ಬರುತ್ತಾಳೆ.
ನಾನು ಆ ಪುಟ ಹಿಡಿದು ಕೊಡವಿದೆ.
ಹಿಟ್ಟು ಉದುರಿತು.

ಶನಿವಾರ ಒಂಬತ್ತಕ್ಕೆ ಇಡೀ ಬೀದಿಯ ಹುಲ್ಲು
ಒಂದೇ ಎತ್ತರಕ್ಕೆ ಇಳಿಯುವ ಅಧ್ಯಾಯವನ್ನು
ಇಲ್ಲೇ, ಈ ಮೇಜಿನ ಸುತ್ತ, ಗಟ್ಟಿಯಾಗಿ ಓದಿ
ಬಿದ್ದು ಬಿದ್ದು ನಕ್ಕರು ನಾಲ್ವರು.
ಗಡಿಯಾರ ಒಂಬತ್ತು ಹೊಡೆಯಿತು.
ಕಣ್ಣೊರೆಸಿಕೊಂಡು ಎದ್ದು ಹೋದರು.

ಸಮಿತಿ ಸೇರಿತು. ನಿಷೇಧಕ್ಕೆ ಏಳು ಕೈ ಎದ್ದವು:
ಮೊದಲು ಒಂದು,
ಅದು ಯಾರದೆಂದು ನೋಡಿಕೊಂಡು ಉಳಿದ ಆರು.
ಮುಂದಿನ ತಿಂಗಳು ಒಮಾಹಾದ ಪತ್ರಿಕೆ
ಪುಸ್ತಕವನ್ನು ಅರ್ಧ ಪುಟ ಹೊಗಳಿತು.
ಅದೇ ಏಳು ಕೈ ಮತ್ತೆ ಎದ್ದವು, ಅದೇ ಕ್ರಮದಲ್ಲಿ.
ಈಗ ಎಲ್ಲರ ಮುಂಗೋಣೆಯಲ್ಲೂ ಹಳದಿ ರಟ್ಟು,
ಕಸೂತಿ ಬಟ್ಟೆಯ ಮೇಲೆ, ಒಂದೇ ಓರೆಯಲ್ಲಿ,
ಬೀದಿಗೆ ಕಾಣುವಂತೆ.
ಅತಿಥಿಗಳು ಮುಟ್ಟುವಂತಿಲ್ಲ.

ನನ್ನ ಕೆಲಸ ಬಾಗಿಲು ಹಾಕಿದ ಮೇಲೆ.
ದೀಪ ತಗ್ಗಿಸಿ, ರಬ್ಬರು ಹಿಡಿದು, ಪುಟದಿಂದ ಪುಟಕ್ಕೆ.
ಹೆಕ್ ಹೋದ, ಲೂಥರ್ ಹೋದ,
ಜೀನು ಅಂಗಡಿಯ ಗೌಡ್ರನ್ ಮೂರು ಸಲ ಹೋದಳು.
ಊರೆಲ್ಲ ಪುಡಿಪುಡಿಯಾಗಿ ನನ್ನ ಮಡಿಲಲ್ಲಿ.
ಕೊಡವಿಕೊಂಡು ಮನೆಗೆ ಹೋಗಿ
ಒಂದು ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದೆ.

ಇನ್ನೂರ ಹನ್ನೆರಡನೇ ಪುಟ ನಿನ್ನೆ ಸಿಕ್ಕಿತು.
ನಾನು ಅಲ್ಲಿಯವರೆಗೆ ಓದಿರಲಿಲ್ಲ, ಅಳಿಸಿದ್ದೆನಷ್ಟೆ.
ಅಲ್ಲೊಬ್ಬಳಿದ್ದಾಳೆ,
ಊರನ್ನೆಲ್ಲ ಓದಿ ಮುಗಿಸಿಯೂ ತುಟಿ ಬಿಚ್ಚದವಳು.
ಆರು ಚಳಿಗಾಲ, ದಿನವೂ ಸಂಜೆ,
ಬೇಡದ ಪುಸ್ತಕ ಹಿಡಿದು ತನ್ನ ಮೇಜಿನ ಮುಂದೆ ನಿಂತ ಒಬ್ಬಳಿಗೆ
ಎರಡು ವಾರ
ಎಂದಷ್ಟೇ ಹೇಳಿ ಮುದ್ರೆ ಒತ್ತಿದವಳು.

ಅಂಚಿನಲ್ಲಿ ಪೆನ್ಸಿಲ್ಲು: ಒಟಿಲಿ ಕ್ರಾಂಟ್ಸ್.
ಬರೆದವರು ಯಾರೋ, ತಿಳಿಯಲಿಲ್ಲ.
ಒಂದೇ ಶಾಲೆ, ಒಂದೇ ಇಳಿಜಾರಿನ ಅಕ್ಷರ,
ಇಲ್ಲಿ ಎಲ್ಲರ ಕೈಯೂ ಒಂದೇ.

ರಬ್ಬರು ಎತ್ತಿದೆ. ಇಟ್ಟೆ.
ಪೆನ್ಸಿಲ್ಲು ಚೂಪು ಮಾಡಿಕೊಂಡು
ಟಿ ಕೆಳಗೆ ಇನ್ನೊಂದು ಟ ಒತ್ತು ಕೊಟ್ಟೆ.
ಒಟ್ಟಿಲಿ.

ತಿದ್ದುವವಳು ಹೋದ ಮೇಲೆ
ಈ ಊರಿನ ಕಾಗುಣಿತ ಪೂರ್ತಿ ಕೆಟ್ಟಿದೆ.